ಹಿರೇಮಟ್ಟಿಯ ಹೊಲದ ಕಳ್ಳ

"ಕೇಳಿರಿ, ಕೇಳಿರಿ! ರಾಜಮಾತೆಯ ಮೂರು ಒಗಟು ಬಿಡಿಸಿ, ಸತ್ತು ಬಿದ್ದಿರುವ ಅರಮನೆಯ ಹೊಲಕ್ಕೆ ಜೀವ ತರುವವನಿಗೆ ಕೇಳಿದ್ದನ್ನು ಕೊಡುತ್ತೇವೆ. ತಪ್ಪು ಹೇಳಿದವನ ತಲೆ ತೆಗೆಯುತ್ತೇವೆ. ಊರಿಗೊಬ್ಬ ಬರಲೇಬೇಕು!"

ಇದು ಹಿರೇಮಟ್ಟಿಯ ದೊರೆ ವೀರಭೂಪ ಹೊಡೆಸಿದ ಡಂಗುರ. ಒಗಟು ತಾಯಿಯದು, ಕತ್ತಿ ಮಗನದು. ಮೂರು ವರ್ಷದಿಂದ ಅವನ ಹೊಲದ ಜೋಳ ಮೊಣಕಾಲಿನ ಮೇಲೆ ಏಳುತ್ತಿರಲಿಲ್ಲ.

ಕೆರೆಕೊಪ್ಪದವರು ಹೆಚ್ಚು ಯೋಚಿಸಲಿಲ್ಲ. ಕುರಿ ಕಾಯುವ ಮಾಳಿಂಗನನ್ನು ಕರೆದು, "ನಿಂಗೆ ಹೊಲ ಇಲ್ಲ, ಹೆಂಡ್ತಿ ಇಲ್ಲ. ನೀನೇ ಹೋಗಿ ಬಾರಪ್ಪ" ಎಂದರು. ಹಾಗೆ ಹೇಳಿದವರಲ್ಲಿ ಯಾರೂ ಅವನು ಮರಳಿ ಬರುತ್ತಾನೆಂದು ನಂಬಿರಲಿಲ್ಲ.

ಅರಮನೆಯ ಅಂಗಳದಲ್ಲಿ ಅವನು ಸಾಲಿನ ಮೂರನೆಯವ. ಸರದಿ ಬರುವ ಮೊದಲು ಬಾಯಿ ಬಿಟ್ಟವನಿಗೂ ಅದೇ ಕತ್ತಿ.

ರಾಜಮಾತೆ ಕೇಳಿದಳು: "ಕಣ್ಣಿಲ್ಲ, ಕಾಲಿಲ್ಲ, ನೇಗಿಲಿಲ್ಲ. ಆದರೂ ಹಗಲಿರುಳು ನಮ್ಮ ಹೊಲ ಉಳುತ್ತಿದ್ದವನು ಯಾರು?"

ಆಸ್ಥಾನದ ಜೋಯಿಸ ಕವಡೆ ಹಾಕಿ, "ಗಾಳಿ" ಎಂದ. ಅವನನ್ನು ಎಳೆದೊಯ್ದರು. ಎಣ್ಣೆ ವ್ಯಾಪಾರಿ ಗುರುಲಿಂಗ ಶೆಟ್ಟಿ ನಡುಗುತ್ತಾ, "ನೀರಿರಬಹುದೇ ತಾಯಿ?" ಎಂದ. ಅವನನ್ನೂ ಎಳೆದೊಯ್ದರು. ಉತ್ತರ ಮಾಳಿಂಗನ ನಾಲಿಗೆಯ ತುದಿಯಲ್ಲೇ ಇತ್ತು. ಪಾಪ, ಅವನು ಹೆದರಿ ತುಟಿ ಕಚ್ಚಿ ನಿಂತ.

ಅವನ ಸರದಿ ಬಂತು. "ಎರೆಹುಳ, ತಾಯಿ" ಎಂದ. ಮುದುಕಿ ತಲೆಯಾಡಿಸಿ ಎರಡನೆಯದನ್ನು ಕೇಳಿದಳು: "ಒಂದೇ ದಿನ, ಒಂದೇ ಮಳೆ. ಕಾಡಿನ ಮಣ್ಣು ಕುಡಿಯಿತು, ನಮ್ಮ ಹೊಲ ಉಗುಳಿತು. ಏಕೆ?"

"ಕಾಡಲ್ಲಿ ಎಲೆ ಬಿದ್ದು ಕೊಳೀತದೆ, ಮಣ್ಣು ಮೆತ್ತಗಿರ್ತದೆ. ಈ ಹೊಲದಾಗೆ ಕೊಳೆಯೋಕೆ ಏನೂ ಉಳಿದಿಲ್ಲ. ಮಣ್ಣು ಗಟ್ಟಿಯಾಗಿ ನೀರು ಹರಿದೋಗ್ತದೆ."

"ಹಾಗಾದರೆ ಕೊನೆಯದು. ನಮ್ಮ ಹೊಲದ ಕಳ್ಳ ಯಾರು?"

ಸುಳ್ಳು ಹೇಳಿದರೂ ಸಾವು, ನಿಜ ಹೇಳಿದರೂ ಸಾವು. ಮಾಳಿಂಗ ದೊರೆಯ ಕಡೆ ನೋಡಲಾಗದೆ ನೆಲ ನೋಡುತ್ತಲೇ ಹೇಳಿದ:

"ಬುದ್ಧೀ, ನೀವೇ. ಕೊಯ್ಲಾದ ಮ್ಯಾಲೆ ಹೊಲದಾಗೆ ನಾವು ಕುರಿಮಂದೆ ತರುಬಿ ರಾತ್ರಿ ಮಲಗಿಸ್ತಿದ್ವಿ. ಹಿಕ್ಕೆ, ಗಂಜಲ ಬಿದ್ದು ಮಣ್ಣಿಗೆ ಊಟ ಆಗ್ತಿತ್ತು. ನೀವು ಮಂದೆ ಬ್ಯಾಡ ಅಂದ್ರಿ. ಕೊಯ್ದು ಉಳಿದ ಕೂಳೆ ಸುಡಿಸಿದ್ರಿ. ಊರ ಸಗಣಿಯೆಲ್ಲ ಕೋಟೆಯ ಇಟ್ಟಿಗೆ ಗೂಡಿಗೆ ಉರುವಲಾಗಿ ಹೋಯ್ತು. ಹುಳ ಏನು ತಿಂದು ಬದುಕ್ಬೇಕು?"

ದೊರೆ ಕತ್ತಿ ಹಿರಿದ. ರಾಜಮಾತೆ ಎದ್ದು ನಡುವೆ ನಿಂತಳು. "ಮೂರೂ ಸರಿ. ಇದನ್ನೇ ನಾನು ಮೂರು ವರ್ಷ ಹೇಳಿದೆ, ನೀನು ಮುದುಕಿಯ ಗೊಣಗಾಟ ಅಂದೆ. ಬೇರೆಯವರ ಬಾಯಲ್ಲಾದರೂ ಕೇಳುತ್ತೀ ಅಂದುಕೊಂಡೆ. ನೀನು ಒಗಟಿಗೂ ಕತ್ತಿ ಕಟ್ಟಿದೆ."

ದೊರೆಯ ಕೈ ಕೆಳಗಿಳಿಯಿತು. "ಈ ಮಣ್ಣು ಮತ್ತೆ ಬದುಕುತ್ತದೆಯೇ?" ಎಂದು ಕೇಳಿದ.

"ಮಂದೆ ತರುಬಿ, ಸೆಣಬು ಬೆಳೆದು ಹಸಿಯಾಗಿದ್ದಾಗ್ಲೇ ಉತ್ತು ಮುಚ್ಚಿ, ಒಂದ್ವರ್ಷ ಜೋಳ, ಒಂದ್ವರ್ಷ ಕಡಲೆ ಹಾಕಿದ್ರೆ ಬದುಕ್ತದೆ. ನಾಲ್ಕೈದು ವರ್ಷ ಬೇಕು."

ಮಾಳಿಂಗ ಕೇಳಿದ್ದು ಹೊಲದಲ್ಲಿ ಮಂದೆ ತರುಬುವ ಹಕ್ಕನ್ನು ಮಾತ್ರ. ದೊರೆ ಕೊಟ್ಟ, ಮೇಲೊಂದು ಜರಿಪೇಟವನ್ನೂ ಕೊಟ್ಟ.

ಅವನು ಪೇಟ ಸುತ್ತಿಕೊಂಡು ಕುರಿಗಳನ್ನು ಹೊಲಕ್ಕೆ ಬಿಡುತ್ತಿದ್ದಾಗ ಬದುವಿನ ಮೇಲೆ ಹೆಂಗಸೊಬ್ಬಳು ಬಂದು ನಿಂತಳು. ಗುರುಲಿಂಗ ಶೆಟ್ಟಿಯ ಹೆಂಡತಿ.

"ನಮ್ಮನೆಯವ್ರು ನಿನ್ನ ಮುಂದೇ ನಿಂತಿದ್ರಂತಲ್ಲಪ್ಪ. ಆಗ್ಲೇ ನಿಂಗೆ ಉತ್ತರ ಗೊತ್ತಿತ್ತಾ?"

ಮಾಳಿಂಗ ಪೇಟ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.