ಬಿಡು ಅಂದರೆ

"ಅವ್ವಾ, ನನ್ನ ಪಾಠವನ್ನೆಲ್ಲ ಒಂದು ಜಾಲತಾಣಕ್ಕೆ ಹಾಕುತ್ತಿದ್ದೇನೆ. ಒಂದು ತಪ್ಪೂ ಇಲ್ಲದ ಹಾಗೆ ಹಾಕಿಬಿಟ್ಟರೆ, ಆಮೇಲೆ ತರಗತಿಯಲ್ಲಿ ನಿಂತು ನಾನು ಮಾಡುವುದಾದರೂ ಏನು?" ಎಂದು ಶಿಷ್ಯ ಕೇಳಿದ. ಅವನು ಹೊಸದಾಗಿ ಮೇಷ್ಟ್ರ ಕೆಲಸಕ್ಕೆ ಸೇರಿದ್ದ.

ಅವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಬಾಗಿಲಲ್ಲಿ ನಿಂತು ಕೇಳೋ ಮಾತಲ್ಲಪ್ಪ ಇದು. ಒಳಗೆ ಬಾ. ಗೋಡೆಗೆ ಒರಗಿ ಕೂತ್ಕೊ. ಆ ಫೋನು ಮಗುಚಿ ಇಡು. ಈಗ ಕೇಳು" ಎಂದು ಶುರು ಮಾಡಿದಳು.

ಒಂದೂರಲ್ಲಿ ಅಡುಗೆ ಕಲಿಸುವ ಶಾಲೆ ಇತ್ತು. ಮನೆ ಅಡುಗೆಯಲ್ಲ, ಹಾಸ್ಟೆಲಿನ ಅಡುಗೆ, ದಾಸೋಹದ ಅಡುಗೆ. ಕೊಪ್ಪರಿಗೆಗಟ್ಟಲೆ ಅನ್ನ ಬೇಯಬೇಕು. ಅದಕ್ಕೊಂದು ಬಾಯ್ಲರ್. ಅದರೊಳಗೆ ನೀರು ಕುದಿದು, ಆವಿ ಕೊಳವೆಯಲ್ಲಿ ಹರಿದು ಬಂದು ಅಕ್ಕಿಯನ್ನು ಬೇಯಿಸುತ್ತದೆ. ಒಳಗಿನ ಒತ್ತಡ ಎಷ್ಟೆಂದು ಮೇಲಿನ ಒಂದು ಮುಳ್ಳು ತೋರಿಸುತ್ತದೆ. ಆವಿಗೆ ದಾರಿ ಇದ್ದರೆ ಅದು ಅನ್ನಪೂರ್ಣೆ. ದಾರಿ ಕಟ್ಟಿತೋ, ಎದುರಿಗಿದ್ದವರನ್ನು ಉಳಿಸುವುದಿಲ್ಲ.

ಅಲ್ಲಿ ಕಲಿಸುವವರು ಗುರುಪಾದ ಮೇಷ್ಟ್ರು. ಬಾಯಿ ಒಣಗುವಂತೆ ಹೇಳುವರು. ಮರುದಿನ ಅರ್ಧ ಜನ ಮರೆತು ಬರುವರು. ಅದಕ್ಕೇ ಒಂದು ಜಾಲತಾಣ ಕಟ್ಟಿದರು. ತರಗತಿಯಲ್ಲಿ ಹೇಳಿದ ಪಾಠವನ್ನೇ ಫೋನಿನಲ್ಲಿ ಹಿಡಿದು ಅದಕ್ಕೆ ಹಾಕಿದರು. ಮನೆಯಲ್ಲಿ ಕೂತು ಎಷ್ಟು ಸಲ ಬೇಕಾದರೂ ನೋಡಬಹುದು. ಕೊನೆಗೊಂದಿಷ್ಟು ಪ್ರಶ್ನೆ. ಸರಿ ಉತ್ತರ ಒತ್ತಿದರೆ ಹಸಿರು, ತಪ್ಪಾದರೆ ಕೆಂಪು. ಒಳ್ಳೆಯ ಕೆಲಸವೇ. ಬೇಡ ಅನ್ನುವವರು ಯಾರು?

ಹಾಕುವ ಮೊದಲು ಪಾಠವನ್ನು ಹಸನು ಮಾಡಿದರು. ಕೆಮ್ಮು ತೆಗೆದರು, ಪಾತ್ರೆಗಳ ಸದ್ದು ತೆಗೆದರು. ಆ ತರಗತಿಯಲ್ಲಿ ಕಾಡಪ್ಪ ಅಂತ ಒಬ್ಬನಿದ್ದ, ದಡ್ಡನೆಂದು ಹೆಸರಾದವನು. ಮೇಷ್ಟ್ರು "ಮುಳ್ಳು ಕೆಂಪು ಗೆರೆ ಮುಟ್ಟಿದರೆ ವಾಲ್ವ್ ಬಿಡಬೇಕು" ಎಂದಾಗ ಅವನು ಎದ್ದು ನಿಂತು, "ಬಿಡೋದು ಅಂದ್ರೆ ಏನ್ ಸಾರ್, ಕೈ ಬಿಡೋದಾ?" ಅಂದಿದ್ದ. ಎಲ್ಲರೂ ಗೊಳ್ಳೆಂದಿದ್ದರು.

"ಕೈ ಬಿಟ್ರೆ ನಿನ್ನ ತಿಥಿ ಅಡುಗೆ ನಾವೇ ಮಾಡ್ಬೇಕಾಗ್ತದೆ! ಮನೇಲಿ ನಲ್ಲಿ ಬಿಡೋದಿಲ್ವೇನೋ? ಹಾಗೆ ತಿರುಗಿಸಿ ಬಿಡೋದು" ಎಂದು ಮೇಷ್ಟ್ರು ಮುಂಗೈ ತಿರುಗಿಸಿ ತೋರಿಸಿದ್ದರು.

ಆ ಗಲಾಟೆಯನ್ನೂ ಕತ್ತರಿಸಿ ತೆಗೆದರು. ಪಾಠ ಚೊಕ್ಕಟವಾಯಿತು.

ಮುಂದಿನ ವರ್ಷ ಸುಗಲಾ ಎಂಬ ಹುಡುಗಿ ಬಂದು ಸೇರಿದಳು. ಪಾಠ ನೋಡಿದಳು, ಮತ್ತೆ ನೋಡಿದಳು, ಬಾಯಿಪಾಠವಾಗುವವರೆಗೂ ನೋಡಿದಳು. ಮುಳ್ಳು ಕೆಂಪು ಗೆರೆ ಮುಟ್ಟಿದರೆ ಏನು ಮಾಡಬೇಕು ಎಂಬ ಪ್ರಶ್ನೆ ಬಂತು. ವಾಲ್ವ್ ಬಿಡಬೇಕು ಎಂಬುದನ್ನು ಒತ್ತಿದಳು. ಹಸಿರು ಬಂತು. ಮಿಕ್ಕಿದ್ದಕ್ಕೂ ಹಸಿರೇ. ಮೇಷ್ಟ್ರು ಹಿಗ್ಗಿದರು. ಎಲ್ಲ ಬಲ್ಲವಳಿಗೆ ಮತ್ತೇನು ಹೇಳುವುದೆಂದು ನೇರವಾಗಿ ಬಾಯ್ಲರಿನ ಮುಂದೆ ನಿಲ್ಲಿಸಿದರು. ತಾವು ಆಚೆ ತುದಿಯಲ್ಲಿ ಉಳಿದವರಿಗೆ ಅಕ್ಕಿಯ ಅಳತೆ ತೋರಿಸುತ್ತ ಕೂತರು.

ಸುಗಲಾ ಬಟ್ಟೆ ಸುತ್ತಿದ ಕೈಯಲ್ಲಿ ವಾಲ್ವಿನ ಹಿಡಿ ಹಿಡಿದು ನಿಂತಳು. ಉರಿ ಜೋರಾಯಿತು. ಮುಳ್ಳು ಏರಿತು. ಕೆಂಪು ಗೆರೆ ಮುಟ್ಟಿತು.

ಸುಗಲಾ ಕೈ ಬಿಟ್ಟಳು. ಹಿಂದೆ ಸರಿದು, ದುಪಟ್ಟಾ ಸರಿಮಾಡಿಕೊಂಡು, ನೆಟ್ಟಗೆ ನಿಂತಳು.

ಬಾಯ್ಲರಿನ ಮೈ ಅದುರತೊಡಗಿತು. ಮೇಷ್ಟ್ರು ತಿರುಗಿ ನೋಡಿದರು. ಮುಳ್ಳು ಗೆರೆ ದಾಟಿತ್ತು.

"ಬಿಡು!" ಎಂದು ಕೂಗಿದರು.

"ಬಿಟ್ಟಿದ್ದೀನಿ ಸಾರ್!"

"ಅಯ್ಯೋ, ವಾಲ್ವ್ ಬಿಡೇ!"

"ಬಿಟ್ಟೆ ಸಾರ್, ಪೂರ್ತಿ ಬಿಟ್ಟೆ!" ಎಂದು ಎರಡೂ ಕೈ ಮೇಲೆತ್ತಿ ತೋರಿಸಿದಳು.

ಅವರು ಕೂಗಿದಷ್ಟೂ ಅವಳು ಹಿಂದೆ ಸರಿದಳು. ಬೆನ್ನು ಮೂಲೆಯ ಗೋಡೆಗೆ ತಗುಲಿತು. ಆ ಮೂಲೆಯಿಂದ ಹೊರಗೆ ಬರಬೇಕಾದರೆ ಬಾಯ್ಲರನ್ನು ದಾಟಿಯೇ ಬರಬೇಕು. ಈಗ ಅವಳಿಗೂ ಭಯ ಹತ್ತಿತು. ಬಿಡಲು ಇನ್ನೇನು ಉಳಿದಿದೆಯೋ ಅವಳಿಗೆ ತಿಳಿಯಲಿಲ್ಲ.

ಮೇಷ್ಟ್ರು ಅಕ್ಕಿ ತುಳಿದುಕೊಂಡೇ ಓಡಿದರು. ಕಾದ ಹಿಡಿಯನ್ನು ಬರಿಗೈಯಲ್ಲಿ ತಿರುಗಿಸಿದರು. ಆವಿ ಬುಸ್ಸೆಂದು ನುಗ್ಗಿ ಅವರ ತೋಳನ್ನು ಬೇಯಿಸಿತು. ಮುಳ್ಳು ಇಳಿಯಿತು.

ಉಸಿರು ಬಂದ ಮೇಲೆ ಮೇಷ್ಟ್ರು, "ಬಿಡು ಅಂದ್ರೆ ಏನಂತ ತಿಳಿದಿದ್ದೆ, ತಾಯೀ?" ಎಂದರು.

"ಬಿಡು ಅಂದ್ರೆ ಬಿಡೋದು ಸಾರ್. ಕೈ ತೆಗೆದು ದೂರ ನಿಲ್ಲೋದು" ಎಂದು ಹುಡುಗಿ ಬಿಕ್ಕಿದಳು. "ನೀವು ಹೇಳಿದ್ದನ್ನೇ ಮಾಡಿದೆ. ಹಸಿರು ಬಂದಿತ್ತಲ್ಲ!"

ಬೈಯಬೇಕೆಂದು ಮೇಷ್ಟ್ರು ಅವಳಲ್ಲಿ ತಪ್ಪು ಹುಡುಕಿದರು. ಸಿಗಲಿಲ್ಲ. ಪಾಠದಲ್ಲಿ ಹುಡುಕಿದರು. ಅಲ್ಲೂ ತಪ್ಪೆಂಬುದು ಇರಲಿಲ್ಲ.

ಆಮೇಲೆ ಏನಾಯಿತು ಅಂತೀಯಾ? ಸುಗಲಾ ದೊಡ್ಡದೊಂದು ಹಾಸ್ಟೆಲಿನಲ್ಲಿ ಅಡುಗೆಗೆ ನಿಂತಳು. ಹೊಸಬರು ಬಂದರೆ ಅವಳು ಮಾತು ಕಡಿಮೆ ಆಡುತ್ತಾಳೆ, ಅವರ ಕೈಯ ಮೇಲೆ ತನ್ನ ಕೈಯಿಟ್ಟು ತಿರುಗಿಸುತ್ತಾಳೆ. ಕಾಡಪ್ಪ ಮದುವೆ ಮನೆಗಳ ಅಡುಗೆ ಹಿಡಿದು ಹೆಸರು ಮಾಡಿದ. ಇಷ್ಟೆಲ್ಲ ನಡೆದದ್ದು ಅವನಿಗೆ ಇಂದಿಗೂ ತಿಳಿಯದು. ಮೇಷ್ಟ್ರ ತೋಳು ಮಾಯಿತು, ಕಲೆ ಉಳಿಯಿತು. ಜಾಲತಾಣವನ್ನು ಅವರು ಮುಚ್ಚಲಿಲ್ಲ. ಮಕ್ಕಳು ಮನೆಯಲ್ಲಿ ಪಾಠ ನೋಡಿಕೊಂಡು ಬರುತ್ತಾರೆ. ತರಗತಿಯಲ್ಲಿ ಉರಿ ಹಚ್ಚುವ ಮೊದಲು ಮೇಷ್ಟ್ರು ಸುಮ್ಮನೆ ಕೂರುತ್ತಾರೆ, ಮಕ್ಕಳು ತಾವು ತಿಳಿದದ್ದನ್ನು ಹೇಳಿ, ಮಾಡಿ ತೋರಿಸುತ್ತಾರೆ.

ಅವ್ವ ಕತೆ ನಿಲ್ಲಿಸಿದಳು. ಶಿಷ್ಯ ತಲೆಯಾಡಿಸಿ, "ಅರ್ಥವಾಯಿತು ಅವ್ವಾ" ಎಂದ.

"ನನ್ನ ಮಾತು ಬೇಡ, ನಿನ್ನ ಮಾತಲ್ಲಿ ಹೇಳು ನೋಡೋಣ" ಎಂದಳು ಅವ್ವ.

ಶಿಷ್ಯ ಬಾಯಿ ತೆರೆದ. ಅವನ ಕೈ, ಮಗುಚಿ ಇಟ್ಟಿದ್ದ ಫೋನಿನ ಕಡೆ ಹೋಯಿತು.