ಸೊಪ್ಪು ನೆಡದ ವ್ಯಾಪಾರಿ

"ಗುರುಗಳೇ, ಬ್ಲಾಗಿಗೆ ಯಾವ ಹೆಸರಿಡಲಿ?" ಎಂದು ಕೇಳಿದಳು ವಾರಿಜೆ.

ಗುರುಗಳು ಹಣೆ ಚಚ್ಚಿಕೊಂಡರು. ಹೋದ ತಿಂಗಳು ಬಣ್ಣ ಯಾವುದಿರಲಿ ಎಂದು ಕೇಳಿದ್ದಳು. ಅದಾದ ಮೇಲೆ, ಪುಟದ ತಲೆಯಲ್ಲಿ ಹಾಕುವ ಚಿತ್ರ ತಾವರೆಯೋ ದೀಪವೋ ಎಂದು. ಬರೆದದ್ದು ಮಾತ್ರ ಒಂದು ಸಾಲೂ ಇಲ್ಲ. ಬರೆಯಲು ಏನೂ ಇಲ್ಲದವಳಾಗಿದ್ದರೆ ಅವರೂ ಸುಮ್ಮನಿರುತ್ತಿದ್ದರು. ಆದರೆ ಇವಳು ಪಾರ್ಶ್ವವಾಯು ಬಡಿದ ತಾಯಿಯನ್ನು ಎರಡು ವರ್ಷ ನೋಡಿಕೊಂಡವಳು; ಗಂಟಲಿಗೆ ಸಿಕ್ಕದಂತೆ ಗಂಜಿ ಕುಡಿಸುವುದನ್ನು ಅತ್ತು ಅತ್ತು ಕಲಿತವಳು. ಒಮ್ಮೆ ತಾಯಿ ಉಸಿರು ಕಟ್ಟಿ ಕಣ್ಣು ತೇಲಿಸಿದಾಗ, ಏನು ಮಾಡಬೇಕೆಂದು ಮೊಬೈಲಿನಲ್ಲಿ ಹುಡುಕಿದ್ದಳು. ತನಗೆ ಅರ್ಥವಾಗುವ ಒಂದು ಮಾತೂ ಸಿಕ್ಕಿರಲಿಲ್ಲ. "ನನ್ನಂಥವರಿಗೆ ಸಿಗಲಿ ಎಂದೇ ಬ್ಲಾಗ್ ಮಾಡುತ್ತೇನೆ" ಎಂದು ಬಂದವಳೂ ಇವಳೇ.

"ಅಮ್ಮಾ ತಾಯೀ, ಎಷ್ಟು ಸಲ ಹೇಳಲಿ? ಖಾತೆ ತೆರೆ. ತಿಳಿದದ್ದನ್ನು ನಿನ್ನ ಮಾತಿನಲ್ಲೇ ಬರೆ. 'ಪ್ರಕಟಿಸು' ಎಂಬ ಬಟನ್ ಒತ್ತು. ಹೆಸರು, ಬಣ್ಣ ಎಲ್ಲವನ್ನೂ ಆಮೇಲೆ ಬದಲಿಸಬಹುದು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವ ನಿನ್ನ ಚಾಳಿಗೆ ಏನೆನ್ನಲಿ! ಕೂತುಕೋ, ಕತೆ ಕೇಳು."

ಒಂದು ಹೊಳೆ. ಪ್ರತಿ ಮಳೆಗಾಲದಲ್ಲೂ ಅದರ ಮರಳು ಸರಿದು, ದಾಟುವ ದಾರಿ ಬದಲಾಗುತ್ತಿತ್ತು. ನೆರೆ ಇಳಿದ ಮೇಲೆ ಮೊದಲು ದಾಟಿದವರು ಲಕ್ಕಿ ಗಿಡದ ಸೊಪ್ಪಿನ ಕೊಂಬೆ ಮುರಿದು, ಕಾಲಿಗೆ ನೆಲ ಸಿಕ್ಕ ಕಡೆಯೆಲ್ಲ ನೆಟ್ಟು ಹೋಗಬೇಕು. ಹಿಂದೆ ಬರುವವರು ಆ ಸೊಪ್ಪು ನೋಡಿಕೊಂಡು ದಾಟಬೇಕು. ಅದು ಆ ಸೀಮೆಯ ಪದ್ಧತಿ.

ಆ ವರ್ಷ ಮೊದಲು ದಾಟಿದವನು ಒಬ್ಬ ವ್ಯಾಪಾರಿ. ಎರಡು ಸಲ ಗುಂಡಿಗೆ ಬಿದ್ದು, ನೀರು ಕುಡಿದು, ಕೋಲೂರಿ ಕೋಲೂರಿ ದಾರಿ ಕಂಡುಕೊಂಡಿದ್ದ. ಆದರೂ ಪುಣ್ಯಾತ್ಮನಿಗೆ ಕೊಂಬೆ ಮುರಿಯಲು ಮನಸ್ಸು ಬರಲಿಲ್ಲ. ನೇರ ಕಲ್ಲುಕುಟಿಗನ ಬಳಿ ಹೋಗಿ, "ಹೊಳೆಯ ದಾರಿಗೆ ಗುರುತಾಗಿ ಹಂಸ ಕೆತ್ತಿದ ಕಂಬ ಬೇಕು, ಕೆಳಗೆ ನನ್ನ ಹೆಸರು" ಎಂದ.

"ಆಗಲಿ ಸ್ವಾಮಿ. ಮೊದಲು ಸೊಪ್ಪು ನೆಟ್ಟು ಬನ್ನಿ, ಜನ ದಾಟಲಿ" ಎಂದ ಕಲ್ಲುಕುಟಿಗ.

"ಬಾಡಿದ ಸೊಪ್ಪು ನೋಡಿ ನಾಲ್ಕು ಜನ ನಕ್ಕರೆ?" ಎಂದ ವ್ಯಾಪಾರಿ.

ಹಂಸದ ಕೊಕ್ಕು ಸರಿಬರಲಿಲ್ಲವೆಂದು ಎರಡನೆಯ ಸಲ ಕೆತ್ತಿಸಿದ. ಎಂಟನೆಯ ದಿನ ಕಂಬವನ್ನು ಗಾಡಿಗೆ ಹೇರಿಕೊಂಡು ಹೊಳೆಗೆ ಬಂದ. ದಡದಲ್ಲಿ ಒಬ್ಬ ಹೆಂಗಸು ಒದ್ದೆ ಸೀರೆಯಲ್ಲಿ ಕೂತಿದ್ದಳು. ಬೆಳಿಗ್ಗೆ ದಾಟುವಾಗ ಅವಳ ಗಂಡ ಗುಂಡಿಗೆ ಸಿಕ್ಕಿ ಮುಳುಗಿ ಹೋಗಿದ್ದ. ಬಂದವರನ್ನೆಲ್ಲ ಅವಳು ಒಂದೇ ಮಾತು ಕೇಳುತ್ತಿದ್ದಳು: "ದಾರಿ ಗೊತ್ತಿದ್ದವರು ಈ ಊರಲ್ಲಿ ಒಬ್ಬರೂ ಇರಲಿಲ್ಲವೇ?"

ಗುರುಗಳು ಅಲ್ಲಿಗೆ ನಿಲ್ಲಿಸಿದರು. ವಾರಿಜೆ ಸೆರಗಿನ ತುದಿ ಹಿಂಡುತ್ತಾ, "ಆಮೇಲೆ ಕಂಬ ನೆಟ್ಟನೇ?" ಎಂದಳು.

"ನೆಟ್ಟ. ಹಂಸ ಬಹಳ ಚೆನ್ನಾಗಿ ಬಂದಿದೆ" ಎಂದು ಗುರುಗಳು ಸಿಡುಕಿದರು. ಮತ್ತೆ ದನಿ ತಗ್ಗಿಸಿ ಕೇಳಿದರು:

"ನಿನ್ನ ತಾಯಿಗೆ ಉಸಿರು ಕಟ್ಟಿದ ದಿನ ನೀನು ಹುಡುಕಿದ್ದು ಚಂದದ ಹೆಸರನ್ನೇನು?"