ಅರಸನ ಗೆಡ್ಡೆ

“ಕೇಳಿರಿ ಪ್ರಜೆಗಳೇ! ಹೊಂಗೆದುರ್ಗದ ದೊರೆ ಕೇಸರಿನಾಯಕರ ತೋಟದಲ್ಲಿ ಆಲೂಗೆಡ್ಡೆ ಬೆಳೆಗೆ ವರ್ಷವರ್ಷವೂ ಎಲೆ ಕಪ್ಪಾಗಿಸುವ ಅಂಗಮಾರಿ ರೋಗ ಬಡಿಯುತ್ತಿದೆ. ದೊರೆಗಳು ಮೂರು ಒಗಟು ಒಡ್ಡುತ್ತಾರೆ. ಉತ್ತರ ಬಲ್ಲವರು ತೋಟದ ಒಂದು ಮಡಿಯಲ್ಲಿ ಗೆಡ್ಡೆ ಬೆಳೆದು ತೋರಿಸಲಿ. ಎಲೆ ಹಸಿರಾಗಿ ಉಳಿದರೆ ತೋಟದ ಒಡೆತನ, ಪಲ್ಲಕ್ಕಿ. ಕಪ್ಪಾದರೆ ತಲೆದಂಡ!”

ಡಂಗುರದವನು ಹೀಗೆ ಸಾರಿಕೊಂಡು ಹೋದ. ನೇರವಾಗಿ “ನನ್ನ ಗೆಡ್ಡೆ ಉಳಿಸಿಕೊಡಿ” ಎಂದಿದ್ದರೆ ದೊರೆಯ ಮೀಸೆ ಮಣ್ಣಾಗುತ್ತಿತ್ತೇನೋ! ದೊರೆಯಾದವನು ಪ್ರಜೆಗಳನ್ನು ಪರೀಕ್ಷಿಸಬಹುದು, ಅವರ ಹತ್ತಿರ ಬುದ್ಧಿ ಕೇಳಬಾರದು. ಅದಕ್ಕೇ ತನ್ನ ಸಂಕಟವನ್ನು ಆಸ್ಥಾನದ ಕವಿಗಳಿಂದ ಒಗಟಾಗಿ ಹೊಸೆಸಿದ್ದ. ಉತ್ತರ ಅವನಿಗೂ ಗೊತ್ತಿರಲಿಲ್ಲ, ಕವಿಗಳಿಗೂ ಗೊತ್ತಿರಲಿಲ್ಲ.

ಡಂಗುರ ಕೇಳಿ ಊರಾಚೆಯ ಗುಡಿಸಲಿನ ಮಾಳವ್ವ ಕೈಲಿದ್ದ ಕುಡುಗೋಲು ಕೆಳಗಿಟ್ಟಳು. ಅವಳ ಅಪ್ಪ ಸಿದ್ದಬೋರ ಹಿಂದಿನ ಮಳೆಗಾಲದಿಂದ ಸೆರೆಮನೆಯಲ್ಲಿದ್ದ. ಆ ನಾಡಿನಲ್ಲೊಂದು ಪದ್ಧತಿ: ಗೆಡ್ಡೆ ಕೀಳುವಾಗ ಪ್ರತಿ ಸಾಲಿನಲ್ಲೂ ಒಂದನ್ನು ಮಣ್ಣಿನಲ್ಲೇ ಬಿಡಬೇಕು. ಅದು ಅರಸನ ಗೆಡ್ಡೆ. ಮುಂದಿನ ಮಳೆಗೆ ಅದು ತಾನಾಗಿ ಚಿಗುರಿದರೆ ಅರಸನ ಆಯುಷ್ಯ ಗಟ್ಟಿ ಎಂಬ ನಂಬಿಕೆ. ಸಿದ್ದಬೋರ ತನ್ನ ಹಿತ್ತಲಿನ ಅರಸನ ಗೆಡ್ಡೆಗಳನ್ನೆಲ್ಲ ಅಗೆದು ಸುಟ್ಟಿದ್ದ. ರಾಜದ್ರೋಹವೆಂದು ಎಳೆದೊಯ್ದರು. ಯಾಕೆ ಅಗೆದೆ ಎಂದು ಒಬ್ಬರೂ ಕೇಳಲಿಲ್ಲ.

ತೋಟ ಹಸಿರಾದರೆ ದೊರೆಗೆ ಸಂತೋಷವಾದೀತು, ಅಪ್ಪನನ್ನು ಬಿಟ್ಟಾನು. ಆ ಒಂದೇ ಆಸೆಯಿಂದ ಮಾಳವ್ವ ಅರಮನೆಗೆ ನಡೆದಳು.

ಅಲ್ಲಿ ಅವಳಿಗಿಂತ ಮೊದಲೇ ಇಬ್ಬರು ನಿಂತಿದ್ದರು, ದಳವಾಯಿಯ ಮಗ ಮತ್ತು ಅರಮನೆಯ ಜೋಯಿಸ. ದೊರೆ ಗಂಟಲು ಸರಿಮಾಡಿಕೊಂಡ.

“ನೀರಿಲ್ಲದೆ ಬದುಕದು, ನೀರು ಮೈಮೇಲೆ ನಿಂತರೆ ಸಾಯುವುದು. ಏನದು? ಹೂತಷ್ಟೂ ಸುಖವಾಗಿರುವುದು, ಮುಖ ಹೊರಗೆ ಹಾಕಿದರೆ ಕೆಡುವುದು. ಏನದು? ಬೇಲಿ ಮುರಿಯದೆ, ಬಾಗಿಲು ತೆರೆಯದೆ ಪ್ರತಿ ಮಳೆಗಾಲವೂ ನನ್ನ ತೋಟಕ್ಕೆ ನುಗ್ಗುವ ಕಳ್ಳನೊಬ್ಬನಿದ್ದಾನೆ. ಎಲ್ಲಿಂದ ಬರುತ್ತಾನೆ?”

“ಕಳ್ಳ ಹೊರಗಿನವನೇ ಪ್ರಭು, ಗೋಡೆ ಎಬ್ಬಿಸುತ್ತೇನೆ,” ಎಂದ ದಳವಾಯಿಯ ಮಗ.

“ಇದು ಗ್ರಹದೋಷ. ಎರಡು ಹೊತ್ತೂ ಎಲೆಗಳ ಮೇಲೆ ತೀರ್ಥ ಚಿಮುಕಿಸುತ್ತೇನೆ,” ಎಂದ ಜೋಯಿಸ.

“ನಂದು ಬೆಳೆದ ಮೇಲೆ ಹೇಳ್ತೀನಿ ಬುದ್ಧಿ,” ಎಂದಳು ಮಾಳವ್ವ. “ಅಲ್ಲೀತನಕ ತೋಟದಲ್ಲಿ ನಾನು ಏನು ಅಗೆದೆ, ಏನು ಸುಟ್ಟೆ ಅಂತ ಯಾರೂ ಕೇಳಬಾರದು.”

ದೊರೆ ನಕ್ಕು ಒಪ್ಪಿದ. ಹೆಣ್ಣುಮಗಳ ತಲೆ ಎಷ್ಟರದು ಎಂದುಕೊಂಡನೋ ಏನೋ.

ಮಳೆ ಹಿಡಿಯಿತು. ಗೋಡೆಯ ಒಳಗೆ ಗಾಳಿಯಾಡದೆ ಎಲೆಗಳು ಆರಲೇ ಇಲ್ಲ. ಮೊದಲು ಕಪ್ಪಾದದ್ದು ಅದೇ ಮಡಿ. ದಳವಾಯಿಯ ಮಗ ಇನ್ನೂ ಮೀಸೆ ಚಿಗುರುತ್ತಿದ್ದ ಹುಡುಗ. ತಲೆದಂಡಕ್ಕೆ ಎಳೆದೊಯ್ಯುವಾಗ ಅಮ್ಮಾ ಎಂದು ಕೂಗುತ್ತಲೇ ಹೋದ. ತೀರ್ಥ ಬಿದ್ದ ಎಲೆಗಳೂ ಕೊಳೆತವು. ಜೋಯಿಸನ ಹೆಂಡತಿ ಅರಮನೆಯ ಮೆಟ್ಟಿಲ ಮೇಲೆ ಹೊರಳಾಡಿದಳು, ಯಾರೂ ಎತ್ತಲಿಲ್ಲ.

ಇದನ್ನೆಲ್ಲ ನೋಡಿದ ಮಾಳವ್ವ ದಿನವೂ ಒಂದೊಂದೇ ಎಲೆ ತಿರುವಿ ನೋಡತೊಡಗಿದಳು. ಒಂದು ಬೆಳಿಗ್ಗೆ ಅವಳ ಮಡಿಯಲ್ಲೂ ಒಂದೆಲೆಗೆ ಕಪ್ಪು ಚುಕ್ಕೆ ಬಿತ್ತು. ಆ ಗಿಡವನ್ನು ಬೇರುಸಮೇತ ಕಿತ್ತು, ದೂರ ಒಯ್ದು ಸುಟ್ಟು, ಕೈ ತೊಳೆದೇ ಮಿಕ್ಕ ಗಿಡ ಮುಟ್ಟಿದಳು. ಆಮೇಲೆ ಚುಕ್ಕೆ ಕಾಣಲಿಲ್ಲ.

ಗೆಡ್ಡೆ ಕಿತ್ತ ದಿನ ಬುಟ್ಟಿಗಳು ಸಾಲಲಿಲ್ಲ. ತುಂಬಿದ ಸಭೆಯಲ್ಲಿ ದೊರೆ, “ಈಗ ಉತ್ತರ ಹೇಳು,” ಎಂದ.

“ಮೊದಲನೇದು ಎಲೆ ಬುದ್ಧಿ. ನೀರು ಬೇರಿಗೆ ಹೋಗಬೇಕು, ಅದೂ ಬೆಳಿಗ್ಗೆ. ಎಲೆ ನೆಂದ್ರೂ ಬೇಗ ಆರಲಿ ಅಂತ ಸಾಲು ದೂರದೂರ ಹಾಕ್ದೆ. ಎರಡನೇದು ಗೆಡ್ಡೆ. ರೋಗ ಎಲೆಯಿಂದ ಮಳೆನೀರಿನ ಜೊತೆ ಕೆಳಗಿಳೀತದೆ, ಅದಕ್ಕೇ ಬುಡಕ್ಕೆ ಮಣ್ಣು ಏರಿಸ್ತಾ ಬಂದೆ.”

“ಮತ್ತೆ ಕಳ್ಳ?”

“ಅವನು ಎಲ್ಲಿಂದಲೂ ಬರೋದಿಲ್ಲ ಬುದ್ಧಿ, ನಾವೇ ಒಳಗೆ ಬಿಟ್ಟಿರ್ತೀವಿ. ಅರಸನ ಗೆಡ್ಡೆ. ಹೋದ ವರ್ಷದ ರೋಗ ಅದರೊಳಗೆ ಮಲಗಿದ್ದು, ಮಳೆಗೆ ಚಿಗುರಿನ ಜೊತೆ ಏಳ್ತದೆ. ನನ್ನ ಮಡಿಯಲ್ಲಿದ್ದವನ್ನೆಲ್ಲ ನಾನು ಅಗೆದು ಸುಟ್ಟೆ.”

ದೊರೆ ಬುಟ್ಟಿಗಳನ್ನು ನೋಡಿದ, ಅವಳನ್ನು ನೋಡಿದ, ಮತ್ತೆ ಬುಟ್ಟಿಗಳನ್ನು ನೋಡಿದ.

“ಶಭಾಷ್! ಇಂದಿನಿಂದ ನಾಡಿನಲ್ಲಿ ಎಲ್ಲರೂ ಅರಸನ ಗೆಡ್ಡೆ ಅಗೆದು ಸುಡತಕ್ಕದ್ದು. ಇದು ನನ್ನ ಆಜ್ಞೆ. ಇವಳಿಗೆ ಪಲ್ಲಕ್ಕಿ ತನ್ನಿ.”

“ಪಲ್ಲಕ್ಕಿ ಬ್ಯಾಡ ಬುದ್ಧಿ. ಇದನ್ನೇ ಮಾಡಿದ ನಮ್ಮಪ್ಪ ಸಿದ್ದಬೋರ ಸೆರೆಮನೇಲವ್ನೆ. ಅವನನ್ನು ಬಿಟ್ಟುಬಿಡಿ.”

“ಅವನು ಅಗೆದಾಗ ನನ್ನ ಆಜ್ಞೆ ಇರಲಿಲ್ಲವಲ್ಲ,” ಎಂದ ದೊರೆ. ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ. “ಈಗ ಬಿಟ್ಟರೆ ಅಂದು ನಾನು ತಪ್ಪಿದೆ ಎಂದಾಗುತ್ತದೆ. ಅರಸ ತಪ್ಪುವುದುಂಟೇ?”

ಕೊಟ್ಟ ಮಾತಿನಂತೆ ತೋಟದ ಒಡೆತನ ಬರೆದುಕೊಟ್ಟು, ಅವಳನ್ನು ಪಲ್ಲಕ್ಕಿಯಲ್ಲಿ ಕೂರಿಸಿಯೇ ಕಳಿಸಿದರು. ಸೆರೆಮನೆಯ ಮುಂದೆ ಅವಳು ಇಳಿದಳು. ಸರಳುಗಳ ಹಿಂದೆ ಸಿದ್ದಬೋರ ಎದ್ದು ನಿಂತಿದ್ದ. ಮುಖ ಅರಳಿತ್ತು.

“ಡಂಗುರ ಕೇಳಿಸ್ತು ಮಗಾ. ಎಲ್ರೂ ಅಗೀಬೇಕಂತೆ. ನಿಜವಾ?”

“ನಿಜ ಅಪ್ಪಯ್ಯ.”

ಮುದುಕ ಗಟ್ಟಿಯಾಗಿ ನಕ್ಕ. ಹಾಸಿದ್ದ ಕಂಬಳಿಯನ್ನು ಕೊಡವಿ, ಮಡಿಸಿ, ಕಂಕುಳಲ್ಲಿಟ್ಟುಕೊಂಡು ಬಾಗಿಲ ಬಳಿ ಬಂದು ನಿಂತ.

“ಹಂಗಾದ್ರೆ ಬೀಗ ತೆಗೆಯಕ್ಕೆ ಹೇಳು ಮಗಾ. ಮನೆಗೆ ಹೋಗಾನ.”